ಬೆರಳಿನಿಂದ ಸ್ವರವನ್ನೋದಿದ ಲೂಯಿ ಬ್ರೈಲ್

ಸಂಗೀತವನ್ನು ಅಭ್ಯಾಸಮಾಡುವವರು ಸ್ವರಲಿಪಿಯನ್ನು ಓದಲು ಕಲಿಯಲೇಬೇಕೋ, ಅಥವಾ ಒಳ್ಳೆಯ ಕಿವಿಯೂ ಗಟ್ಟಿಯಾದ ಜ್ಞಾಪಕಶಕ್ತಿಯೂ ಇದ್ದರೆ ಸಾಕೋ ಎಂಬ ಪ್ರಶ್ನೆಯು ಬಹು ಹಳೆಯದಾದರೂ ಇಂದಿಗೂ ತೀರದೆ ಉಳಿದಿದೆ. ಸಂಗೀತದ ತರಗತಿಯಿರುವ ಯಾವ ಪಾಠಶಾಲೆಯಲ್ಲಾದರೂ ಎರಡು ಬಗೆಯ ವಿದ್ಯಾರ್ಥಿನಿಯರನ್ನು ಕಾಣಬಹುದು. ಒಬ್ಬಳು ಎರಡು ಸಾರಿ ಕೇಳಿದ ರಾಗವನ್ನು ತಪ್ಪಿಲ್ಲದೆ ಹಾಡಬಲ್ಲಳು. ಆದರೆ ಪುಸ್ತಕವನ್ನು ಮುಂದಿಟ್ಟರೆ ಅದರೊಳಗಿನ ಗುರುತುಗಳು ಅವಳಿಗೆ ಇರುವೆಯ ಸಾಲಿನಂತೆ ತೋರುವುವು. ಇನ್ನೊಬ್ಬಳು ಪುಸ್ತಕದ ಪ್ರತಿಯೊಂದು ಗುರುತಿನ ಹೆಸರನ್ನೂ ಬೆಲೆಯನ್ನೂ ಹೇಳಬಲ್ಲಳು. ಆದರೆ ಪುಸ್ತಕವನ್ನು ಮುಚ್ಚಿದೊಡನೆ ಅವಳ ಹಾಡೂ ನಿಂತುಹೋಗುವುದು. ಒಬ್ಬಳ ವಿದ್ಯೆಯು ಅನವಶ್ಯವೆಂದು ಮತ್ತೊಬ್ಬಳು ತಿಳಿಯುವುದು ಸಹಜವೇ ಸರಿ. ಇಂಥ ಪ್ರಶ್ನೆಗೆ ವಾದದಿಂದ ಉತ್ತರ ಕೊಡುವುದಕ್ಕಿಂತಲೂ, ಆ ಪ್ರಶ್ನೆಯನ್ನು ತನ್ನ ಇಡೀ ಬಾಳಿನಲ್ಲಿ ಎದುರಿಸಬೇಕಾಗಿದ್ದ ಒಬ್ಬನ ಚರಿತ್ರೆಯನ್ನು ನೋಡುವುದು ಲೇಸು. ಲೂಯಿ ಬ್ರೈಲನು ಅಂಧರಿಗೆ ಅಕ್ಷರವನ್ನು ಕೊಟ್ಟವನೆಂದು ಲೋಕವೆಲ್ಲ ಬಲ್ಲದು. ಆತನು ಸಂಗೀತಗಾರನೂ ಆಗಿದ್ದನೆಂಬುದನ್ನೂ, ಅಕ್ಷರಗಳ ಸಂಗಡವೇ ಸ್ವರಲಿಪಿಯನ್ನೂ ನಿರ್ಮಿಸಿದನೆಂಬುದನ್ನೂ ಬಲ್ಲವರು ಕಡಿಮೆ.

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ಪಟ್ಟಣಕ್ಕೆ ಪೂರ್ವದಲ್ಲಿ ಸುಮಾರು 25 ಮೈಲಿ ದೂರದಲ್ಲಿ ಕೂವ್ರೇ ಎಂಬ ಚಿಕ್ಕ ಗ್ರಾಮವಿದೆ. ಅಲ್ಲಿ ಸಿಮೋನ್ ರೆನೆ ಬ್ರೈಲ್ ಎಂಬಾತನು ಕುದುರೆಗಳಿಗೆ ಜೀನು, ಲಗಾಮು ಮೊದಲಾದ ಚರ್ಮದ ಸಾಮಾನುಗಳನ್ನು ಮಾಡುವ ಕಸುಬಿನಿಂದ ಜೀವಿಸುತ್ತಿದ್ದನು. ಆತನಿಗೂ ಆತನ ಪತ್ನಿಯಾದ ಮೋನಿಕಳಿಗೂ ನಾಲ್ಕನೆಯ ಮತ್ತು ಕಡೆಯ ಮಗುವಾಗಿ ಲೂಯಿಯು 1809ನೆಯ ಇಸವಿ ಜನವರಿ 4ರಲ್ಲಿ ಹುಟ್ಟಿದನು. ಕೂಸು ಮೂರು ವರ್ಷದವನಾಗಿದ್ದಾಗ ಒಂದು ದಿನ ತಂದೆಯ ಕೆಲಸದ ಕೊಟ್ಟಿಗೆಯನ್ನು ಹೊಕ್ಕು, ತೊಗಲನ್ನು ತೂತುಮಾಡುವ ಚೂಪಾದ ದಬ್ಬಣವನ್ನು ಹಿಡಿದು ಆಡುತ್ತಿರಲಾಗಿ, ಅದು ಜಾರಿ ಒಂದು ಕಣ್ಣಿಗೆ ತಗಲಿತು. ರೋಗಾಣುಗಳ ವಿಷಯವನ್ನು ವೈದ್ಯರು ಇನ್ನೂ ತಿಳಿಯದಿದ್ದ ಕಾಲವದು. ಗಾಯವು ಕೆಟ್ಟು, ಆ ವ್ಯಾಧಿಯು ಮತ್ತೊಂದು ಕಣ್ಣಿಗೂ ಹಬ್ಬಿ, ಐದು ವರ್ಷ ತುಂಬುವಷ್ಟರಲ್ಲಿ ಹುಡುಗನು ಸಂಪೂರ್ಣವಾಗಿ ಅಂಧನಾದನು.

ಆ ಕಾಲದಲ್ಲಿ ಬಡವರ ಮನೆಯ ಅಂಧ ಬಾಲಕನಿಗೆ ಭಿಕ್ಷಾಪಾತ್ರೆಯೇ ಗತಿಯೆಂದು ಜನರು ತಿಳಿದಿದ್ದರು. ಆದರೆ ಲೂಯಿಯ ತಂದೆತಾಯಿಗಳು ಅದಕ್ಕೆ ಒಡಂಬಡಲಿಲ್ಲ. ಮಗನಿಗೆ ಮನೆಗೆಲಸಗಳನ್ನು ಕೊಟ್ಟರು. ಕೋಲು ಹಿಡಿದು ಊರಲ್ಲಿ ತಿರುಗಾಡಲು ಕಲಿಸಿದರು. ಗ್ರಾಮದ ಪಾದ್ರಿಯಾದ ಜಾಕ್ ಪಲ್ಯುಯಿ ಎಂಬಾತನು ಅವನಿಗೆ ಪಾಠ ಹೇಳಿದನು. ಊರ ಉಪಾಧ್ಯಾಯನು ಅವನನ್ನು ಕಣ್ಣುಳ್ಳ ಮಕ್ಕಳ ನಡುವೆ ಕುಳ್ಳಿರಿಸಿಕೊಂಡನು. ಕೇಳಿದ್ದನ್ನೆಲ್ಲಾ ನೆನಪಿನಲ್ಲಿಟ್ಟುಕೊಂಡು ಒಪ್ಪಿಸುವುದರಲ್ಲಿ ಲೂಯಿಯು ಮುಂದಾಗಿದ್ದನು. ಆದರೆ ಉಳಿದ ಮಕ್ಕಳು ಪುಸ್ತಕವನ್ನು ಬಿಚ್ಚಿ ಓದತೊಡಗಿದೊಡನೆ ಅವನು ಕೈಕಟ್ಟಿ ಸುಮ್ಮನೆ ಕುಳಿತುಕೊಳ್ಳಬೇಕಾಗಿತ್ತು. ಕಿವಿಯಿಂದ ಕಲಿಯುವುದಕ್ಕೂ ತಾನಾಗಿ ಓದಿ ಕಲಿಯುವುದಕ್ಕೂ ಇರುವ ಅಂತರವು ಈ ಪ್ರಕಾರ ಬಾಲ್ಯದಲ್ಲಿಯೇ ಅವನ ಅನುಭವಕ್ಕೆ ಬಂದಿತು.

1819ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ, ಹತ್ತು ವರ್ಷದ ಲೂಯಿಯನ್ನು ಪ್ಯಾರಿಸಿನಲ್ಲಿದ್ದ ಅಂಧಬಾಲಕರ ರಾಜಕೀಯ ಶಾಲೆಗೆ ಸೇರಿಸಿದರು. ಈ ಶಾಲೆಯ ಹುಟ್ಟಿನಲ್ಲಿಯೂ ಸಂಗೀತದ ಸಂಬಂಧವಿರುವುದನ್ನು ಇಲ್ಲಿ ಹೇಳಬೇಕು. ವಿಯೆನ್ನಾ ಪಟ್ಟಣದ ಮರಿಯಾ ಥೆರೇಸಿಯಾ ಫಾನ್ ಪಾರಾದಿಸ್ ಎಂಬಾಕೆಯು ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದರೂ ಪಿಯಾನೋ ವಾದನದಲ್ಲಿ ಪ್ರಸಿದ್ಧಳಾಗಿ, ದೊಡ್ಡ ದೊಡ್ಡ ಕೃತಿಗಳನ್ನು ನೆನಪಿನಿಂದಲೇ ನುಡಿಸುತ್ತಿದ್ದಳು. 1784ರಲ್ಲಿ ಆಕೆಯು ಪ್ಯಾರಿಸಿಗೆ ಬಂದು ಕಚೇರಿಗಳನ್ನು ಮಾಡಿದಳು. ಆಕೆಯ ಭೇಟಿಯಿಂದಲೂ, ಆಕೆ ಕಲಿತಿದ್ದ ಕ್ರಮದಿಂದಲೂ ಸ್ಫೂರ್ತಿಯನ್ನು ಪಡೆದ ವಾಲಾಂತೇನ್ ಆಯೂಯಿ ಎಂಬ ದಯಾಳುವು ಅಂಧರ ಶಿಕ್ಷಣಕ್ಕಾಗಿ ಈ ಶಾಲೆಯನ್ನು ತೆರೆದನು. ಸಾಮಾನ್ಯವಾದ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಬರುವಂತೆ ಒತ್ತಿ, ಬೆರಳಿನಿಂದ ತಡವಿ ಓದುವಂತೆ ಮಾಡುವುದು ಆತನ ಉಪಾಯವಾಗಿತ್ತು. ಕಣ್ಣುಳ್ಳವರ ಸ್ವರಲಿಪಿಯನ್ನು ಕೂಡ ಹಾಗೆಯೇ ಉಬ್ಬಚ್ಚಿನಲ್ಲಿ ತರುವ ಪ್ರಯತ್ನವು ನಡೆದಿತ್ತು.

ಆದರೆ ಈ ಉಪಾಯದಲ್ಲಿ ದೊಡ್ಡದೊಂದು ಕೊರತೆಯಿತ್ತು. ಅಕ್ಷರಗಳ ಆಕಾರವು ಕಣ್ಣಿಗಾಗಿ ಏರ್ಪಟ್ಟದ್ದೇ ಹೊರತು ಬೆರಳಿಗಾಗಿ ಅಲ್ಲ. ಒಂದೊಂದು ಅಕ್ಷರದ ಸುತ್ತಲೂ ಬೆರಳಾಡಿಸಿ ಅದನ್ನು ಗುರುತಿಸುವಷ್ಟರಲ್ಲಿ ಹಿಂದಿನ ಪದವು ಮರೆತುಹೋಗುತ್ತಿತ್ತು. ಪುಸ್ತಕಗಳು ಬಹು ಭಾರವಾಗಿಯೂ ದುಬಾರಿಯಾಗಿಯೂ ಇದ್ದು, ಶಾಲೆಯಲ್ಲಿ ಅವುಗಳ ಸಂಖ್ಯೆಯು ಅತ್ಯಲ್ಪವಾಗಿತ್ತು. ಎಲ್ಲಕ್ಕಿಂತಲೂ ಮಿಗಿಲಾಗಿ, ಅಂಧನು ಹೀಗೆ ಕಷ್ಟಪಟ್ಟು ಓದಬಹುದಾಗಿತ್ತಲ್ಲದೆ, ಆ ರೀತಿಯಲ್ಲಿ ತಾನೇ ಬರೆಯುವಂತಿರಲಿಲ್ಲ. ಸಂಗೀತದಲ್ಲಿಯಂತೂ ಈ ತೊಂದರೆಯು ಇಮ್ಮಡಿಯಾಗಿತ್ತು. ಐದು ಗೆರೆಗಳ ಮೇಲೆಯೂ ಅವುಗಳ ನಡುವೆಯೂ ಗುರುತುಗಳನ್ನು ಇಟ್ಟು, ಅವುಗಳ ಎತ್ತರದಿಂದಲೇ ಸ್ವರವನ್ನು ತಿಳಿಯುವುದು ಪಾಶ್ಚಾತ್ಯ ಪದ್ಧತಿ. ಕಣ್ಣು ಆ ಪುಟವನ್ನು ಒಂದೇ ನೋಟದಲ್ಲಿ ಹಿಡಿಯುತ್ತದೆ. ಬೆರಳಾದರೋ ಯಾವ ಗೆರೆಯ ಮೇಲಿದ್ದೇನೆಂಬುದನ್ನು ಎಣಿಸುತ್ತಲೇ ಬಳಲುತ್ತದೆ.

ಆದಕಾರಣ ಆ ಶಾಲೆಯಲ್ಲಿ ಸಂಗೀತವನ್ನು ಬಹುಮಟ್ಟಿಗೆ ಕಿವಿಯಿಂದಲೇ ಕಲಿಸುತ್ತಿದ್ದರು. ಶಿಕ್ಷಕನು ನುಡಿಸುವನು, ವಿದ್ಯಾರ್ಥಿಯು ಕೇಳಿ, ತಾನೂ ನುಡಿಸಿ, ಬಾಯಿಪಾಠದಂತೆ ಕೈಪಾಠ ಮಾಡಿಕೊಳ್ಳುವನು. ಲೂಯಿಯು ಈ ಕ್ರಮದಿಂದಲೇ ಪಿಯಾನೋ, ಚೆಲ್ಲೋ, ಆರ್ಗನ್ ಎಂಬ ವಾದ್ಯಗಳಲ್ಲಿ ಒಳ್ಳೆಯ ಪರಿಶ್ರಮವನ್ನು ಪಡೆದನು. ಕಿವಿಯೂ ಜ್ಞಾಪಕವೂ ಅವನಲ್ಲಿ ಕಡಿಮೆಯಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಓದಲು ಬಾರದಿದ್ದರೆ ಸಂಗೀತಗಾರನಾಗಲಾರನೆಂದು ಹೇಳುವವರಿಗೆ ಅವನ ಈ ವಿದ್ಯಾರ್ಥಿದೆಶೆಯೇ ಪ್ರತ್ಯುತ್ತರವಾಗಿದೆ. ಹೀಗಿದ್ದರೂ ಅವನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಯಾಕಂದರೆ ಕೇಳಿ ಕಲಿಯುವವನು ನುಡಿಸಿ ತೋರಿಸುವವನನ್ನು ಯಾವಾಗಲೂ ಕಾದಿರಬೇಕು. ಶಿಕ್ಷಕನಿಗೆ ಬಿಡುವಿಲ್ಲದ ದಿನ ಶಿಷ್ಯನ ಪಾಠವೂ ಇಲ್ಲ. ಶಿಕ್ಷಕನಿಗೆ ಬಾರದ ಕೃತಿಯು ಶಿಷ್ಯನಿಗೂ ಇಲ್ಲ. ಮರೆತ ಭಾಗವನ್ನು ತಿರುಗಿ ನೋಡಿಕೊಳ್ಳುವ ದಾರಿಯೂ ಇಲ್ಲ.

1821ರ ಸುಮಾರಿಗೆ ಶಾರ್ಲ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯು, ಉಬ್ಬಿದ ಚುಕ್ಕೆಗಳಿಂದ ಬರೆಯುವ ತನ್ನ ಹೊಸ ಕ್ರಮವನ್ನು ಆ ಶಾಲೆಗೆ ತಂದು ತೋರಿಸಿದನು. ಗೆರೆಗಿಂತಲೂ ಚುಕ್ಕೆಯು ಬೆರಳಿಗೆ ಬೇಗನೆ ತಿಳಿಯುವುದೆಂಬ ಮುಖ್ಯವಾದ ತತ್ತ್ವವು ಅದರಲ್ಲಿತ್ತು. ಆದರೆ ಒಂದೊಂದು ಗುರುತಿಗೆ ಹನ್ನೆರಡು ಚುಕ್ಕೆಗಳವರೆಗೆ ಬೇಕಾಗಿದ್ದುದರಿಂದ ಅದು ಬೆರಳತುದಿಯ ಅಳತೆಯನ್ನು ಮೀರುತ್ತಿತ್ತು. ಅದು ಮಾತಿನ ಧ್ವನಿಗಳನ್ನು ಮಾತ್ರ ಸೂಚಿಸುತ್ತಿತ್ತೇ ಹೊರತು, ಅಕ್ಷರಸಂಯೋಜನೆ, ವಿರಾಮಚಿಹ್ನೆ, ಅಂಕಿ, ಸಂಗೀತ ಇವುಗಳಿಗೆ ತಕ್ಕ ಏರ್ಪಾಡು ಅದರಲ್ಲಿರಲಿಲ್ಲ. ಹನ್ನೆರಡು ವರ್ಷದ ಲೂಯಿಯು ಈ ಲೋಪಗಳನ್ನು ಕಂಡುಕೊಂಡು, ಅವುಗಳನ್ನು ಸರಿಪಡಿಸಲು ಕೈಹಚ್ಚಿದನು. ಹಗಲಲ್ಲಿ ಪಾಠಗಳು, ಆದುದರಿಂದ ರಾತ್ರಿಯ ಹೊತ್ತಿನಲ್ಲಿಯೂ, ರಜೆಗಾಗಿ ಊರಿಗೆ ಹೋದಾಗಲೂ ಹಲಗೆ, ಕಾಗದ, ಮೊನೆಯ ಕಡ್ಡಿ ಇವುಗಳೊಡನೆ ಅವನ ಕೆಲಸ ಸಾಗಿತು. ಯಾವ ವಿಧವಾದ ಮೊನೆಯು ಅವನ ಕಣ್ಣುಗಳನ್ನು ಕಳೆಯಿತೋ ಅಂಥದೇ ಮೊನೆಯಿಂದ ಅವನು ತನ್ನಂಥವರಿಗೆ ಓದನ್ನು ಸಂಪಾದಿಸಿಕೊಟ್ಟನು. 1824ರಲ್ಲಿ, ಅಂದರೆ ಅವನ ಹದಿನೈದನೆಯ ವಯಸ್ಸಿನಲ್ಲಿ, ಆ ಕ್ರಮವು ಒಂದು ರೂಪಕ್ಕೆ ಬಂದಿತು. ಹನ್ನೆರಡು ಚುಕ್ಕೆಗಳ ಸ್ಥಾನದಲ್ಲಿ ಆರೇ ಚುಕ್ಕೆಗಳು: ಎಡಗಡೆ ಮೂರು, ಬಲಗಡೆ ಮೂರು. ಬೆರಳನ್ನು ಒಮ್ಮೆ ಇಟ್ಟರೆ ಒಂದು ಗುರುತು ಪೂರ್ತಿಯಾಗಿ ತಿಳಿಯುವುದು. ಈ ಆರರಿಂದ 63 ಬೇರೆ ಬೇರೆ ಗುರುತುಗಳಾಗುವುವು.

1826ರಿಂದ ಲೂಯಿಯು ಅದೇ ಶಾಲೆಯಲ್ಲಿ ಸಹಾಯಕನಾಗಿ ಪಾಠ ಹೇಳತೊಡಗಿದನು. 1833ರಲ್ಲಿ ಪೂರ್ಣ ಉಪಾಧ್ಯಾಯನಾಗಿ ನೇಮಕ ಹೊಂದಿದನು. ಈ ಮಧ್ಯೆ 1829ರಲ್ಲಿ ತನ್ನ ಪದ್ಧತಿಯನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದನು. ಆ ಪುಸ್ತಕದ ಹೆಸರನ್ನು ಗಮನಿಸತಕ್ಕದ್ದು. ಮಾತುಗಳನ್ನು ಮಾತ್ರವಲ್ಲದೆ, ಸಂಗೀತವನ್ನೂ, ದೇವಾಲಯದ ಸರಳ ಗಾನವನ್ನೂ ಚುಕ್ಕೆಗಳಿಂದ ಬರೆಯುವ ವಿಧಾನವೆಂದು ಅದರ ಮುಖಪತ್ರದಲ್ಲಿಯೇ ಹೇಳಿದೆ. ಇದರಿಂದ ಸಂಗೀತವು ಅವನಿಗೆ ತರುವಾಯ ಹೊಳೆದ ವಿಷಯವಲ್ಲವೆಂದೂ, ಮೊದಲಿನಿಂದಲೇ ಅಕ್ಷರದೊಡನೆ ಸಮವಾದ ಸ್ಥಾನವನ್ನು ಪಡೆದಿತ್ತೆಂದೂ ತಿಳಿಯುವುದು. ತನ್ನ ಪದ್ಧತಿಗೆ ಮೊದಲ ಸೂಚನೆಯು ಬಾರ್ಬಿಯೆಯಿಂದಲೇ ದೊರೆಯಿತೆಂಬುದನ್ನು ಇಪ್ಪತ್ತು ವರ್ಷದ ಈ ಯುವಕನು ಪೀಠಿಕೆಯಲ್ಲಿ ಮರೆಯದೆ ಒಪ್ಪಿಕೊಂಡಿದ್ದಾನೆ. 1837ರಲ್ಲಿ ಎರಡನೆಯ ಮುದ್ರಣವು ತಿದ್ದುಪಾಟುಗಳೊಡನೆ ಹೊರಬಂದಿತು.

ಈ ಸ್ವರಲಿಪಿಯು ಕೊನೆಗೆ ನೆಲೆಗೊಂಡ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ನಮ್ಮಲ್ಲಿ ಸ, ರಿ, ಗ, ಮ, ಪ, ದ, ನಿ ಎಂದು ಏಳು ಸ್ವರಗಳಿರುವಂತೆ ಅವರಲ್ಲಿಯೂ ಏಳು ಸ್ವರಗಳುಂಟು. ಆರು ಚುಕ್ಕೆಗಳ ಮನೆಯಲ್ಲಿ ಮೇಲಿನ ನಾಲ್ಕು ಚುಕ್ಕೆಗಳಿಂದ ಸ್ವರದ ಹೆಸರು ತಿಳಿಯುತ್ತದೆ. ಕೆಳಗಿನ ಎರಡು ಚುಕ್ಕೆಗಳಿಂದ ಅದರ ಕಾಲಪ್ರಮಾಣವು ತಿಳಿಯುತ್ತದೆ. ಕೆಳಗಿನವೆರಡೂ ಇದ್ದರೆ ಸ್ವರವು ಅತಿ ದೀರ್ಘ. ಎಡಗಡೆಯದು ಮಾತ್ರ ಇದ್ದರೆ ಅದರ ಅರ್ಧ. ಬಲಗಡೆಯದು ಮಾತ್ರ ಇದ್ದರೆ ಕಾಲು. ಎರಡೂ ಇಲ್ಲದಿದ್ದರೆ ಅರೆಕಾಲು. ಇವಕ್ಕಿಂತ ಚಿಕ್ಕ ಪ್ರಮಾಣಗಳಿಗೂ ಇವೇ ಗುರುತುಗಳು. ಒಂದು ತಾಳದ ಅಂಗದಲ್ಲಿ ಎಷ್ಟು ಸ್ವರಗಳಿವೆಯೆಂದು ಲೆಕ್ಕಹಾಕಿ ಓದುವವನು ವ್ಯತ್ಯಾಸವನ್ನು ತಿಳಿದುಕೊಳ್ಳುತ್ತಾನೆ. ಸ್ವರವು ಮಂದ್ರವೋ ತಾರವೋ ಎಂದು ತಿಳಿಸಲು ಸ್ಥಾಯಿಯ ಗುರುತುಗಳು ಪ್ರತ್ಯೇಕವಾಗಿವೆ. ಹೀಗೆ ಐದು ಗೆರೆಗಳ ಏಣಿಯನ್ನು ಆತನು ಸಂಪೂರ್ಣವಾಗಿ ತೆಗೆದುಹಾಕಿ, ಸಂಗೀತವನ್ನು ಮಾತಿನಂತೆಯೇ ಒಂದೇ ಸಾಲಿನಲ್ಲಿ ಓದುವಂತೆ ಮಾಡಿದನು. ಕಣ್ಣುಳ್ಳವರ ಲಿಪಿಯನ್ನು ಅನುಕರಿಸುವುದನ್ನು ಬಿಟ್ಟು, ಬೆರಳಿನ ಸ್ವಭಾವವನ್ನೇ ಅನುಸರಿಸಿದುದರಲ್ಲಿ ಆತನ ಬುದ್ಧಿಯ ಹೆಚ್ಚಳವು ಕಾಣುತ್ತದೆ.

ಇಲ್ಲಿ ಬುದ್ಧಿವಂತಳಾದ ವಿದ್ಯಾರ್ಥಿನಿಯು ಒಂದು ಆಕ್ಷೇಪಣೆಯನ್ನು ತರಬಹುದು. ವಾದ್ಯವನ್ನು ನುಡಿಸಲು ಎರಡು ಕೈಗಳೂ ಬೇಕಲ್ಲವೇ? ಓದುವುದಕ್ಕೆ ಕೈಯೆಲ್ಲಿ ಉಳಿಯಿತು? ಆಕ್ಷೇಪಣೆಯು ನ್ಯಾಯವಾದುದೇ. ಅಂಧನಾದ ಪಿಯಾನೋವಾದಕನು ಎಡಗೈಯಿಂದ ಕೆಲವು ಅಂಗಗಳನ್ನು ಓದಿ ಬಲಗೈಯಿಂದ ನುಡಿಸುವನು; ಬಳಿಕ ಬಲಗೈಯಿಂದ ಓದಿ ಎಡಗೈಯಿಂದ ನುಡಿಸುವನು; ಎರಡನ್ನೂ ಕೂಡಿಸಿ ಬಾಯಿಪಾಠವಾದ ಮೇಲೆ ಮುಂದಿನ ಭಾಗಕ್ಕೆ ಹೋಗುವನು. ಆರ್ಗನ್ ವಾದ್ಯದಲ್ಲಿ ಕಾಲುಗಳಿಗೂ ಪ್ರತ್ಯೇಕವಾದ ಸ್ವರಗಳಿರುವುದರಿಂದ ಮೂರು ಸಾಲುಗಳನ್ನು ಹೀಗೆ ಕೂಡಿಸಬೇಕು. ಆದುದರಿಂದ ಬ್ರೈಲನ ಲಿಪಿಯನ್ನು ಓದುವ ವಾದಕನು ಕಡೆಗೆ ನೆನಪಿನಿಂದಲೇ ನುಡಿಸುತ್ತಾನೆ. ಲಿಪಿಯನ್ನು ಬಲ್ಲವರ ಜ್ಞಾಪಕಶಕ್ತಿಯು ಕುಂದುವುದೆಂದು ಕೆಲವರು ಹೇಳುವರಷ್ಟೆ. ಇಲ್ಲಿಯಾದರೋ ಲಿಪಿಯು ಜ್ಞಾಪಕಕ್ಕೆ ಬುತ್ತಿಯನ್ನು ಒದಗಿಸುವ ಸೇವಕಿಯಾಗಿದೆ.

ಈ ವಿಷಯವು ಆ ಶಾಲೆಯ ಮಕ್ಕಳಿಗೆ ಬರಿಯ ವಿನೋದದ ಮಾತಾಗಿರಲಿಲ್ಲ, ಅನ್ನದ ಮಾತಾಗಿತ್ತು. ಅಂಧನಿಗೆ ಮರ್ಯಾದೆಯಿಂದ ಜೀವಿಸಲು ಇದ್ದ ಕೆಲವೇ ಮಾರ್ಗಗಳಲ್ಲಿ ಸಂಗೀತವೂ ಒಂದು. ದೇವಾಲಯದ ಆರ್ಗನ್ ನುಡಿಸುವವನು ವರ್ಷದ ಪ್ರತಿಯೊಂದು ಹಬ್ಬಕ್ಕೂ ತಕ್ಕ ಗಾನಗಳನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ಮನೆಮನೆಗೆ ಹೋಗಿ ಸಂಗೀತ ಹೇಳುವವನು ಕಣ್ಣುಳ್ಳ ಶಿಷ್ಯರ ಪುಸ್ತಕದಲ್ಲಿ ಏನಿದೆಯೆಂಬುದನ್ನು ಬಲ್ಲವನಾಗಿರಬೇಕು. ಬ್ರೈಲನು ತಾನೇ 1834ರಿಂದ 1839ರವರೆಗೆ ಪ್ಯಾರಿಸಿನ ಸೇಂಟ್ ನಿಕೊಲಾ ದೇ ಶಾಂ ದೇವಾಲಯದಲ್ಲಿ ಆರ್ಗನ್ ವಾದಕನಾಗಿದ್ದನು. ಮುಂದೆ ಸೇಂಟ್ ವಿನ್ಸೆಂಟ್ ದ ಪಾಲ್ ದೇವಾಲಯದಲ್ಲಿಯೂ ಅದೇ ಸೇವೆಯನ್ನು ಮಾಡಿದನು. ಅದೇ ಶಾಲೆಯಲ್ಲಿ ಕಲಿತ ಕ್ಲೋದ್ ಮೊಂತಾಲ್ ಎಂಬ ಅಂಧನು ಪಿಯಾನೋಗಳಿಗೆ ಶ್ರುತಿಮಾಡುವ ವಿದ್ಯೆಯನ್ನು ಸ್ವಪ್ರಯತ್ನದಿಂದ ಕಲಿತು, ಆ ಕಸುಬಿನ ಮೇಲೆ 1836ರಲ್ಲಿ ಗ್ರಂಥವನ್ನೇ ಬರೆದು, ಅಂಧರಿಗೆ ಹೊಸದೊಂದು ಜೀವನೋಪಾಯವನ್ನು ತೋರಿಸಿದನು.

ಇಷ್ಟು ಉಪಯುಕ್ತವಾದ ಪದ್ಧತಿಯನ್ನು ಎಲ್ಲರೂ ಕೂಡಲೇ ಸ್ವೀಕರಿಸಿದರೆಂದು ತಿಳಿಯಬಾರದು. ಹುಡುಗನ ಪ್ರಯತ್ನವನ್ನು ಮೆಚ್ಚಿ ಪ್ರೋತ್ಸಾಹಿಸುತ್ತಿದ್ದ ಮುಖ್ಯಾಧಿಕಾರಿ ಪಿನ್ಯೇ ಎಂಬಾತನು 1840ರಲ್ಲಿ ಕೆಲಸದಿಂದ ತೆಗೆಯಲ್ಪಟ್ಟನು. ಆತನ ಸ್ಥಾನಕ್ಕೆ ಬಂದ ದ್ಯುಫೋ ಎಂಬವನು ಚುಕ್ಕೆಯ ಬರಹವನ್ನು ಶಾಲೆಯಲ್ಲಿ ತಡೆದನು. ಕಣ್ಣುಳ್ಳವರು ಓದಲಾರದ ಲಿಪಿಯನ್ನು ಕಲಿತರೆ ಅಂಧರು ಲೋಕದಿಂದ ಇನ್ನೂ ದೂರವಾಗುವರೆಂಬುದು ಅಂಥವರ ವಾದ. ಆದರೆ ಮಕ್ಕಳು ತಮ್ಮೊಳಗೆ ಗುಟ್ಟಾಗಿ ಅದನ್ನೇ ಬರೆಯುತ್ತಲೂ ಓದುತ್ತಲೂ ಇದ್ದರು. ಬ್ರೈಲನು ಜಗಳವಾಡಲಿಲ್ಲ, ಅಧಿಕಾರಿಗಳ ಆಕ್ಷೇಪಣೆಯಲ್ಲಿದ್ದ ಸತ್ಯಾಂಶಕ್ಕೂ ಆತನು ಮೊದಲೇ ಉತ್ತರವನ್ನು ಹುಡುಕಿದ್ದನು. 1839ರಲ್ಲಿ, ಅಂಧನು ಬರೆದದ್ದನ್ನು ಕಣ್ಣುಳ್ಳವರೂ ಓದುವಂತೆ ಸಾಮಾನ್ಯ ಅಕ್ಷರಗಳನ್ನೇ ಚುಕ್ಕೆಗಳಿಂದ ರಚಿಸುವ ಬೇರೊಂದು ಕ್ರಮವನ್ನು ಪ್ರಕಟಿಸಿದನು; ಅದಕ್ಕೆ ತಕ್ಕ ಯಂತ್ರವನ್ನು ಫೂಕೋ ಎಂಬ ಅಂಧ ಸ್ನೇಹಿತನು ನಿರ್ಮಿಸಿದನು. ಶಾಲೆಯು ಹೊಸ ಕಟ್ಟಡಕ್ಕೆ ಬಂದ ಮೇಲೆ, 1844ನೆಯ ಇಸವಿ ಫೆಬ್ರವರಿಯಲ್ಲಿ ನಡೆದ ಪ್ರಾರಂಭೋತ್ಸವದಲ್ಲಿ, ಉಪಮುಖ್ಯಾಧಿಕಾರಿಯಾದ ಗಾದೇ ಎಂಬಾತನು ನೆರೆದ ಸಭೆಯ ಮುಂದೆ ಬ್ರೈಲನ ಪದ್ಧತಿಯನ್ನು ಹೊಗಳಿ ವಿವರಿಸಿದನು. ತಡೆಯಲ್ಪಟ್ಟ ಚುಕ್ಕೆಗಳು ಅಂದಿನಿಂದ ಬಹಿರಂಗವಾಗಿ ಮಾನ್ಯವಾದುವು.

ಅಷ್ಟರಲ್ಲಿ ಬ್ರೈಲನ ದೇಹವು ಸೋಲುತ್ತ ಬಂದಿತ್ತು. ತೇವದಿಂದ ಕೂಡಿದ ಹಳೆಯ ಕಟ್ಟಡದಲ್ಲಿ ವರ್ಷಗಟ್ಟಲೆ ವಾಸಮಾಡಿದ ಆತನಿಗೆ 1835ರ ಸುಮಾರಿನಲ್ಲಿಯೇ ಕ್ಷಯರೋಗವು ತಲೆದೋರಿತ್ತು. ಶಕ್ತಿಯಿದ್ದಾಗ ಪಾಠ ಹೇಳುತ್ತಲೂ, ಇಲ್ಲದಾಗ ಬಿಡುವು ತೆಗೆದುಕೊಳ್ಳುತ್ತಲೂ ಇದ್ದು, 1850ರಲ್ಲಿ ಶಾಲೆಯ ಕೆಲಸದಿಂದ ನಿವೃತ್ತನಾದನು. ತನ್ನ ಅಲ್ಪ ಸಂಬಳದಲ್ಲಿಯೂ ಇತರರಿಗೆ ನೆರವಾಗುತ್ತಿದ್ದನೆಂದು ಆತನ ಸ್ನೇಹಿತನಾದ ಕೋಲ್ತಾ ಎಂಬವನು ಬರೆದಿಟ್ಟಿದ್ದಾನೆ. 1852ನೆಯ ಇಸವಿ ಜನವರಿ 6ರಂದು, 43 ವರ್ಷ ತುಂಬಿದ ಎರಡು ದಿನಗಳ ಮೇಲೆ, ಆತನು ಶಾಂತನಾಗಿ ತೀರಿಹೋದನು. ಹುಟ್ಟೂರಾದ ಕೂವ್ರೇಯಲ್ಲಿ ಶರೀರವನ್ನು ಹೂಣಿದರು.

ಆತನು ಬದುಕಿದ್ದಾಗ ಕಾಣದ ಗೌರವವು ಆಮೇಲೆ ಕ್ರಮವಾಗಿ ಬಂದಿತು. 1854ರಲ್ಲಿ ಫ್ರಾನ್ಸ್ ದೇಶವು ಆತನ ಲಿಪಿಯನ್ನು ಅಧಿಕೃತವಾಗಿ ಅಂಗೀಕರಿಸಿತು. 1878ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಅದನ್ನು ಎಲ್ಲ ದೇಶಗಳಿಗೂ ತಕ್ಕದ್ದೆಂದು ಒಪ್ಪಿತು. 1888ರಲ್ಲಿ ಜರ್ಮನಿಯ ಕೊಲೋನ್ ಪಟ್ಟಣದಲ್ಲಿ ಸ್ವರಲಿಪಿಯ ವಿಷಯದಲ್ಲಿಯೂ ಒಂದು ಒಪ್ಪಂದವುಂಟಾಯಿತು. ಇಂಡಿಯಾ ದೇಶದ ಭಾಷೆಗಳಿಗೆ ಬೇರೆ ಬೇರೆ ವಿಧವಾಗಿ ಅಳವಟ್ಟಿದ್ದ ಈ ಚುಕ್ಕೆಗಳು 1951ರಲ್ಲಿ ಭಾರತಿ ಬ್ರೈಲ್ ಎಂಬ ಒಂದೇ ಕ್ರಮಕ್ಕೆ ಬಂದುವು. ಕನ್ನಡವನ್ನು ಓದುವ ಅಂಧ ಮಕ್ಕಳ ಬೆರಳ ಕೆಳಗೂ ಇಂದು ಅವೇ ಆರು ಚುಕ್ಕೆಗಳಿವೆ. 1952ರಲ್ಲಿ, ಮರಣದ ನೂರನೆಯ ವರ್ಷ, ಆತನ ಅಸ್ಥಿಗಳನ್ನು ಪ್ಯಾರಿಸಿನ ಪಾಂಥೆಯೋನ್ ಎಂಬ ಮಹಾಪುರುಷರ ಸಮಾಧಿಮಂದಿರಕ್ಕೆ ಕೊಂಡೊಯ್ದರು. ಆದರೆ ಲೋಕಕ್ಕೆ ಓದನ್ನು ಕೊಟ್ಟ ಕೈಗಳನ್ನು ಹುಟ್ಟೂರಿನಲ್ಲಿಯೇ ಉಳಿಸಿಕೊಂಡರು. 2019ರಿಂದ ಆತನ ಜನ್ಮದಿನವಾದ ಜನವರಿ 4ನ್ನು ಲೋಕವು ಬ್ರೈಲ್ ದಿನವಾಗಿ ಆಚರಿಸುತ್ತಿದೆ. ಆತನು ಕಲಿಸಿದ ಶಾಲೆಯಿಂದ ಮಹಾ ಆರ್ಗನ್ ವಾದಕರ ಪರಂಪರೆಯೇ ಹೊರಟಿತು. ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ವಾದಕನಾಗಿದ್ದ ಲೂಯಿ ವಿಯೆರ್ನ್ (1870–1937), ಮತ್ತು ಝಾಂ ಲಾಂಗ್ಲೇ (1907–1991) ಎಂಬವರು ಅಲ್ಲಿಯ ವಿದ್ಯಾರ್ಥಿಗಳೇ.

ಈಗ ನಾವು ಮೊದಲಿನ ಪ್ರಶ್ನೆಗೆ ತಿರುಗಿ ಬರೋಣ. ಸ್ವರಲಿಪಿಯಿಲ್ಲದೆ ಸಂಗೀತವೇ ಇಲ್ಲವೆಂದು ಹೇಳುವುದು ತಪ್ಪು. ನಮ್ಮ ಕನ್ನಡನಾಡಿನಲ್ಲಿಯೇ ಗದುಗಿನ ಪಂಚಾಕ್ಷರಿ ಗವಾಯಿಗಳವರು (1892–1944) ಅಂಧರಾಗಿದ್ದು, ಗುರುಮುಖದಿಂದ ವಿದ್ಯೆಯನ್ನು ಪಡೆದು, ಅದನ್ನು ತಮ್ಮಂಥ ಅನೇಕ ಬಾಲಕರಿಗೆ ಧಾರೆಯೆರೆದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳವರು (1914–2010) ಆ ಪರಂಪರೆಯನ್ನು ಬೆಳೆಸಿದರು. ರಾಗದ ಸೂಕ್ಷ್ಮವಾದ ಗಮಕಗಳು ಯಾವ ಲಿಪಿಯಲ್ಲಿಯೂ ಪೂರ್ತಿಯಾಗಿ ಅಡಗುವಂಥವಲ್ಲ; ಅವಕ್ಕೆ ಗುರುವಿನ ಕಂಠವೇ ಪುಸ್ತಕ. ಪಶ್ಚಿಮದೇಶದಲ್ಲಿಯೂ ಹೆಲ್ಮುಟ್ ವಾಲ್ಖಾ (1907–1991) ಎಂಬ ಜರ್ಮನ್ ದೇಶದ ಅಂಧ ಆರ್ಗನ್ ವಾದಕನು ಬಾಖ್ ಎಂಬ ಮಹಾಕವಿಸದೃಶನಾದ ಸಂಗೀತಕಾರನ ಆರ್ಗನ್ ಕೃತಿಗಳನ್ನು ಕೇಳಿಯೇ ಕಲಿತನು. ಅವನ ತಾಯಿಯೂ, ಆಮೇಲೆ ಪತ್ನಿಯೂ ಒಂದೊಂದು ಸ್ವರಪಂಕ್ತಿಯನ್ನು ಬೇರೆ ಬೇರೆಯಾಗಿ ನುಡಿಸಿ ತೋರಿಸುತ್ತಿರಲು, ಅವನು ಅವುಗಳನ್ನು ಮನಸ್ಸಿನಲ್ಲಿ ಹೆಣೆದುಕೊಳ್ಳುತ್ತಿದ್ದನು. ಇದಕ್ಕಿಂತ ದೊಡ್ಡ ಶ್ರವಣಸಾಧನೆ ಎಲ್ಲುಂಟು?

ಆದರೂ ವಾಲ್ಖಾನ ಬಳಿಯಲ್ಲಿ ತಾಳ್ಮೆಯಿಂದ ನುಡಿಸಿ ತೋರಿಸುವ ತಾಯಿಯಿದ್ದಳೆಂಬುದನ್ನು ಮರೆಯಲಾಗದು. ಅವಳಾದರೋ ಸ್ವರಲಿಪಿಯನ್ನು ಓದಬಲ್ಲವಳಾಗಿದ್ದಳು. ಯಾರಾದರೊಬ್ಬರು ಓದಲೇಬೇಕಾಯಿತು. ಅಂಥ ತಾಯಿಯಿಲ್ಲದ ಬಡ ವಿದ್ಯಾರ್ಥಿಯ ಪಾಡೇನು? ಗುರುವು ದೂರದಲ್ಲಿರುವವನ ಪಾಡೇನು? ಇವರಿಗೋಸ್ಕರವೇ ಬ್ರೈಲನು ರಾತ್ರಿಗಳನ್ನು ಕಳೆದನು. ಸಂಗೀತಗಾರನಾಗಲು ಓದು ಬೇಕೇ ಎಂದು ಆತನನ್ನು ಕೇಳಿದ್ದರೆ, ಬೇಡವೆಂಬುದಕ್ಕೆ ಆತನ ಬಾಲ್ಯವೇ ನಿದರ್ಶನವಾಗುತ್ತಿತ್ತು. ಪರಾಧೀನತೆಯಿಲ್ಲದೆ ಸಂಗೀತಗಾರನಾಗಿ ಬಾಳಲು ಓದು ಬೇಕೇ ಎಂದು ಕೇಳಿದ್ದರೆ, ಬೇಕೆಂಬುದಕ್ಕೆ ಆತನ ಉಳಿದ ಆಯುಷ್ಯವೆಲ್ಲವೂ ನಿದರ್ಶನವಾಗುತ್ತಿತ್ತು.

ಪ್ರಿಯ ವಿದ್ಯಾರ್ಥಿನಿಯರೇ, ಕಿವಿಯಿಂದ ಚೆನ್ನಾಗಿ ಕಲಿಯಬಲ್ಲವಳು ಆ ವರವನ್ನು ಅಲ್ಪವೆಂದೆಣಿಸದಿರಲಿ. ಆದರೆ ಪುಸ್ತಕವು ತನಗಲ್ಲವೆಂದು ಬದಿಗಿಡದಿರಲಿ. ಶಾಲೆಯನ್ನು ಬಿಟ್ಟು ಹೋದ ಮೇಲೆ, ಹೇಳಿಕೊಡುವವರು ಯಾರೂ ಇಲ್ಲದ ಊರಿನಲ್ಲಿ, ಹೊಸದೊಂದು ಹಾಡನ್ನು ಅವಳ ಬಳಿಗೆ ತರುವುದು ಆ ಪುಸ್ತಕವೇ. ಪುಸ್ತಕವನ್ನು ಓದಬಲ್ಲವಳಾದರೋ ಅದರಲ್ಲಿರುವುದನ್ನು ಹೃದಯಕ್ಕೆ ತಂದುಕೊಳ್ಳುವವರೆಗೆ ತನ್ನ ಪಾಠವು ಮುಗಿಯಿತೆಂದು ತಿಳಿಯದಿರಲಿ. ಒಂದು ಕೈ ಓದುತ್ತಿರಲು ಮತ್ತೊಂದು ಕೈ ನುಡಿಸುತ್ತಿದ್ದ ಆ ಅಂಧ ವಾದಕರಲ್ಲಿ ಎರಡು ವಿದ್ಯೆಗಳೂ ಒಂದಕ್ಕೊಂದು ನೆರವಾಗಿದ್ದುವು. ಎರಡು ಕಣ್ಣುಗಳನ್ನೂ ಎರಡು ಕೈಗಳನ್ನೂ ಪಡೆದಿರುವ ನಮಗೆ ಅದು ಅಸಾಧ್ಯವೆಂದು ಹೇಳುವುದಕ್ಕೆ ಯಾವ ಕಾರಣವೂ ಇಲ್ಲ.